ಬಾಡಿಗೆ ಮನೆ ಸೋರ್ತಿದ್ರೆ ಬಾಡಿಗೆ ನಿಲ್ಲಿಸ್ಬೇಡಿ, ಮೊದ್ಲು ಬರೆದು ಕೊಡಿ

ಮಳೆಗಾಲ ಶುರುವಾದ್ರೆ ಸಾಕು, ನಮ್ ತುಮಕೂರಲ್ಲಿ ಹಳೇ ಮನೆಗಳಲ್ಲಿ ಬಾಡಿಗೆಗಿರೋರದ್ದು ಒಂದೇ ಗೋಳು, ಎಸ್‌ಎಸ್ ಪುರಂ ಆಗ್ಲಿ ಬಟವಾಡಿ ಆಗ್ಲಿ, ಮೋಲ್ಡ್ ಸೋರತ್ತೆ, ಗೋಡೆ ಬೂಸ್ಟು ಹಿಡಿಯತ್ತೆ, ಓನರ್‌ಗೆ ಫೋನ್ ಮಾಡಿದ್ರೆ "ಮಳೆ ನಿಲ್ಲಲಿ ಬಿಡಮ್ಮ, ನೋಡೋಣ" ಅಂತಾರೆ. ಸಿಟ್ಟಲ್ಲಿ ಬಾಡಿಗೆ ಮಾತ್ರ ನಿಲ್ಲಿಸ್ಬೇಡಿ, ಬಾಕಿ ಇಟ್ಕೊಂಡೋರು ಅಂತ ತಪ್ಪೆಲ್ಲ ನಿಮ್ಮ ತಲೆಗೇ ಬರತ್ತೆ.

ಮೊದ್ಲು ಫೋಟೋ, ವಿಡಿಯೋ ತೆಗೀರಿ. ಒದ್ದೆ ಗೋಡೆ ಸ್ವಿಚ್ ಬೋರ್ಡ್ ಹತ್ರ ಇದ್ದು ಮುಟ್ಟಿದ್ರೆ ಜುಮ್ ಅಂತಿದ್ರೆ ಮೇನ್ ಆಫ್ ಮಾಡಿ ತಕ್ಷಣ ಎಲೆಕ್ಟ್ರಿಷಿಯನ್ ಕರೆಸಿ, ಮಕ್ಕಳಿರೋ ಮನೇಲಿ ಓನರ್ ಏನಂತಾರೋ ಅಂತ ಕಾಯೋ ವಿಷಯ ಅಲ್ಲ ಇದು.

ಆಮೇಲೆ ಬರೆದು ಕೊಡಿ. "ಸಾರ್, ಬೆಡ್‌ರೂಮಿನ ಮೋಲ್ಡ್ ಈ ತಾರೀಖಿಂದ ಸೋರ್ತಿದೆ, ಫೋಟೋ ಹಾಕಿದೀನಿ, 15 ದಿನದೊಳಗೆ ರಿಪೇರಿ ಮಾಡ್ಸಿಕೊಡಿ" ಅಂತ ಇಷ್ಟೇ ಸಾಕು, ವಾಟ್ಸಾಪಲ್ಲೂ ಹಾಕಿ, ಸ್ಪೀಡ್ ಪೋಸ್ಟಲ್ಲೂ ಕಳ್ಸಿ ರಸೀದಿ ಇಟ್ಕೊಳ್ಳಿ. ಯಾಕಂದ್ರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಓನರ್ ಮಾಡ್ಲೇಬೇಕಾದ ರಿಪೇರಿನ ನೋಟಿಸ್ ಕೊಟ್ಟ ಮೇಲೂ ಸರಿಯಾದ ಟೈಮಲ್ಲಿ ಮಾಡ್ಸಿಲ್ಲ ಅಂದ್ರೆ, ನೀವೇ ಮಾಡ್ಸಿ ಆ ಖರ್ಚನ್ನ ಬಡ್ಡಿ ಸಮೇತ ಬಾಡಿಗೇಲಿ ಮುರ್ಕೋಬಹುದು. ಗಾರೆಯವರ ಕೂಲಿ, ಸಿಮೆಂಟು, ವಾಟರ್‌ಪ್ರೂಫಿಂಗ್, ಎಲ್ಲದಕ್ಕೂ ಬಿಲ್ ಬೇಕು.

ಇಲ್ಲಿ "ಮಾಡ್ಲೇಬೇಕಾದ" ಅನ್ನೋದೇ ಮುಖ್ಯ. ಯಾವ ರಿಪೇರಿ ಯಾರದ್ದು ಅಂತ ಅಗ್ರಿಮೆಂಟಲ್ಲಿ ಇಲ್ದಿದ್ರೆ ಜಗ್ಗಾಟ ಶುರುವಾಗತ್ತೆ, ಅದಕ್ಕೇ 11 ತಿಂಗಳದ್ದು ರಿನ್ಯೂ ಮಾಡೋವಾಗ "ಮೋಲ್ಡ್, ಪೈಪ್‌ಲೈನ್, ವೈರಿಂಗ್, ಸಂಪಿನ ರಿಪೇರಿ ಮಾಲೀಕರದ್ದು" ಅಂತ ಒಂದು ಸಾಲು ಹಾಕ್ಸಿ, ಹೊಸ ಮನೆ ಹಿಡಿಯೋದಾದ್ರೆ ಅಡ್ವಾನ್ಸ್ ಕೊಡೋಕೆ ಮುಂಚೆನೇ ಹಾಕ್ಸಿ, ಕೊಟ್ಟ ಮೇಲೆ ಯಾರೂ ಕೇಳಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ ಅಲ್ವಾ ಅಂತೀರಿ, ಅದು ಕಮ್ಮಿ ಬಾಡಿಗೆ ಮನೆಗಳಿಗೆ ಮಾತ್ರ, ಈಗಿನ ಬಾಡಿಗೆ ಹೆಚ್ಚಿನವು ಆ ಲಿಮಿಟ್ ದಾಟಿಬಿಟ್ಟಿವೆ. ಬಲ್ಬು, ನಲ್ಲಿ ವಾಷರ್, ನೀವೇ ಒಡೆದ ಟೈಲ್ಸು ಅದೆಲ್ಲ ನಿಮ್ಮ ಖರ್ಚು.

ರಿಪೇರಿ ಕೇಳಿದ್ದಕ್ಕೆ ಸಾಮಾನು ಹೊರಗೆ ಹಾಕಿ ಬೀಗ ಜಡಿದ್ರೆ ಸುಮ್ನಿರ್ಬೇಡಿ, ಕೋರ್ಟ್ ಆರ್ಡರ್ ಇಲ್ದೆ ಹಾಗೆ ಖಾಲಿ ಮಾಡ್ಸೋ ಹಂಗಿಲ್ಲ, ಆರು ತಿಂಗಳೊಳಗೆ ಸಿವಿಲ್ ಕೋರ್ಟಲ್ಲಿ ಕೇಸ್ ಹಾಕಿ ಮನೆ ವಾಪಸ್ ಕೇಳಬಹುದು. ಲಾಯರ್ ಫೀಸಿಗೆ ದುಡ್ಡಿಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಫೋನ್ ಮಾಡಿ, ಹೆಣ್ಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯ ಎಷ್ಟೇ ಇದ್ರೂ ಫ್ರೀಯಾಗಿ ವಕೀಲರನ್ನ ಕೊಡ್ತಾರೆ, ಹೋಗೋವಾಗ ಅಗ್ರಿಮೆಂಟು, ಪೋಸ್ಟ್ ರಸೀದಿ, ಬಾಡಿಗೆ ಕಟ್ಟಿರೋ ಫೋನ್‌ಪೇ ಹಿಸ್ಟರಿ ಪ್ರಿಂಟ್ ತಗೊಂಡು ಹೋಗಿ.