ಕಣ್ಣು ಕಾಣದ ಕೋಳಿಮರಿಗೆ ಮೇವು ಕಲಿಸುವುದು ಹೇಗೆ?

ಕಾವಿಗೆ ಕೂತ ಹೇಂಟೆ 21 ದಿನ ಕಳೆದ ಮೇಲೆ ಮರಿಗಳ ಜೊತೆ ಎದ್ದು ಬರುತ್ತದೆ. ಎಲ್ಲ ಮರಿಗಳೂ ನುಚ್ಚು ಹೆಕ್ಕುತ್ತಿದ್ದರೆ ಒಂದು ಮಾತ್ರ ಗೋಡೆಗೆ ಮುಖ ಮಾಡಿ ಚಿಂವ್ ಚಿಂವ್ ಎನ್ನುತ್ತಾ ನಿಂತಿರುತ್ತದೆ. ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಮನೆ ಹಿಂದೆ ನಾಲ್ಕು ಕೋಳಿ ಸಾಕುವವರು ಇಂಥ ಮರಿಯನ್ನು ‘ಇದು ಉಳಿಯುವುದಿಲ್ಲ’ ಎಂದು ಬಿಟ್ಟುಬಿಡುವುದೇ ಜಾಸ್ತಿ. ಆದರೆ ಅದಕ್ಕೆ ಹಸಿವೂ ಇರಬಹುದು, ತಿನ್ನುವ ಶಕ್ತಿಯೂ ಇರಬಹುದು. ಮೇವು ಎಲ್ಲಿದೆ ಎಂದು ಗೊತ್ತಾಗುತ್ತಿಲ್ಲ, ಅಷ್ಟೇ. ಅದನ್ನು ಕಿವಿಯ ಮೂಲಕ ಕಲಿಸಬಹುದು.

ಗಾಬರಿ ಬೇಡ. ಮೊಟ್ಟೆಯೊಡೆಯುವ ಮೊದಲೇ ಹಳದಿಯ ಉಳಿಕೆ ಮರಿಯ ಹೊಟ್ಟೆಯೊಳಗೆ ಸೇರಿರುತ್ತದೆ. ಅದರ ಬಲದಲ್ಲಿ ಸುಮಾರು ಎರಡು ದಿನ ಮೇವಿಲ್ಲದೆ ಇರಬಲ್ಲದು. ಹಾಗೆಂದು ಎರಡು ದಿನ ಸುಮ್ನೆ ಕೂರಬೇಡಿ.

ಮೊದಲು ಕಣ್ಣು ನೋಡಿ

ಪೆನ್ಸಿಲ್ ತುದಿಯನ್ನು ಒಂದೊಂದು ಕಣ್ಣಿನ ಎದುರೂ ನಿಧಾನವಾಗಿ ಆಡಿಸಿ. ಕೈ ಬೀಸಿದರೆ ಮರಿ ಗಾಳಿಗೇ ಬೆಚ್ಚುತ್ತದೆ, ಏನೂ ತಿಳಿಯುವುದಿಲ್ಲ. ಒಂದು ಕಣ್ಣು ಕಂಡರೆ ಕೆಲಸ ಅರ್ಧ ಮುಗಿದಂತೆ. ಆ ಬದಿಗೆ ಮೇವು ಇಟ್ಟರಾಯಿತು. ರೆಪ್ಪೆ ಅಂಟಿದ್ದರೆ ಉಗುರು ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಒದ್ದೆ ಹಾಸಿನಿಂದ ಏಳುವ ಅಮೋನಿಯಾ ವಾಸನೆಯೂ ಕಣ್ಣು ಉರಿಸುತ್ತದೆ. ಮಳೆಗಾಲದಲ್ಲಿ ನಮ್ಮ ಗೂಡುಗಳಲ್ಲಿ ಇದು ಮಾಮೂಲು.

ಕಣ್ಣಿನ ಸುತ್ತ ಹಕ್ಕಳೆ ಕಟ್ಟಿದ್ದರೆ ಅದು ಸೊಳ್ಳೆಯಿಂದ ಹರಡುವ ಕೋಳಿ ಸಿಡುಬು ಇರಬಹುದು. ಮುಖ ಊದಿದ್ದರೆ, ಉಸಿರು ಗೊರಗೊರ ಎನ್ನುತ್ತಿದ್ದರೆ, ಕತ್ತು ತಿರುಚಿಕೊಂಡಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಮರಿಯನ್ನು ಬೇರೆ ಇಟ್ಟು ಪಂಚಾಯತಿನ ಮೃಗಾಸ್ಪತ್ರೆಯಲ್ಲಿ ತೋರಿಸಿ.

ಬಿಸಿ, ಆಮೇಲೆ ನೀರು

ತಣ್ಣಗಾದ ಮರಿಗೆ ಮೇವು ಕೊಡಲೇಬಾರದು. ಜೀರ್ಣವಾಗುವುದಿಲ್ಲ. ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು. ಅದು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಹಳೆಯ 60 ವಾಟ್ ಬಲ್ಬು ಎಲ್ಲಾದರೂ ಮೂಲೆಯಲ್ಲಿದ್ದರೆ ಹುಡುಕಿ. ಪೆಟ್ಟಿಗೆಯ ಒಂದೇ ಬದಿಗೆ ಅದನ್ನು ತೂಗುಹಾಕಿ. ಸೆಕೆಯಾದರೆ ಮರಿ ಇನ್ನೊಂದು ಬದಿಗೆ ಸರಿಯಬೇಕಲ್ವಾ? ಕರೆಂಟು ಹೋದಾಗ ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಇಡಿ. ಅಡಿಗೆ ಗೋಣಿ ಹಾಸಿ. ನ್ಯೂಸ್‌ಪೇಪರ್ ಜಾರುತ್ತದೆ, ಎಳೆ ಕಾಲುಗಳು ಅಗಲಕ್ಕೆ ಹೋಗಿಬಿಡುತ್ತವೆ. ಪತ್ರಿಕೆಯಲ್ಲೇ ಇದನ್ನು ಬರೆಯಬೇಕಾಗಿ ಬಂತು, ಏನು ಮಾಡೋಣ!

ಮೈ ಬಿಸಿಯಾದ ಮೇಲೆ ಕೊಕ್ಕಿನ ತುದಿಯನ್ನಷ್ಟೇ ನೀರಿಗೆ ಮುಟ್ಟಿಸಿ. ತಲೆ ಎತ್ತಿ ನುಂಗಿದರೆ ಸರಿ. ಮೊದಲ ದಿನ ನೀರಿಗೆ ಚಿಟಿಕೆ ಬೆಲ್ಲ ಸೇರಿಸಬಹುದು. ಡ್ರಾಪರಿನಿಂದ ಬಾಯೊಳಗೆ ಮಾತ್ರ ಹೊಯ್ಯಬೇಡಿ. ನಾಲಿಗೆಯ ಬುಡದಲ್ಲೇ ಉಸಿರಿನ ನಾಳದ ಬಾಯಿ ಇದೆ. ಕುಡಿಸುವ ಅವಸರದಲ್ಲಿ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ತೀರಾ ಬೇಕಾದರೆ ಕೊಕ್ಕಿನ ಬದಿಗೆ ಒಂದೊಂದೇ ಹನಿ ತಾಗಿಸಿ, ಅದಾಗಿಯೇ ನುಂಗಲಿ.

ಹಾಳೆಯ ಮೇಲೆ ಟಕ್ ಟಕ್

ಕಲಿಸುವ ಕೆಲಸ ಇಲ್ಲಿಂದ ಶುರು. ಹೇಂಟೆ ಮರಿಗಳಿಗೆ ಮೇವು ತೋರಿಸುವ ಕ್ರಮ ನೋಡಿದ್ದೀರಲ್ಲ? ಕೊಕ್ ಕೊಕ್ ಎಂದು ಮೆಲ್ಲಗೆ ಕರೆಯುತ್ತದೆ, ನೆಲ ಕುಟ್ಟುತ್ತದೆ, ಕಾಳು ಎತ್ತಿ ಮತ್ತೆ ಕೆಳಗೆ ಹಾಕುತ್ತದೆ. ನಾವೂ ಅದನ್ನೇ ಮಾಡಬೇಕು. ಇದಕ್ಕೆ ಒಣಗಿದ ಅಡಿಕೆ ಹಾಳೆಗಿಂತ ಒಳ್ಳೆಯ ತಟ್ಟೆ ಇಲ್ಲ. ಉಗುರಿನಲ್ಲಿ ಕುಟ್ಟಿದರೆ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಗೇಣಗಲದ ತುಂಡು ಸಾಕು.

ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿ ಮಾಡಿ. ಚಿಕ್ ಸ್ಟಾರ್ಟರ್ (ಎಳೆ ಮರಿಗಳಿಗೆಂದೇ ಅಂಗಡಿಯಲ್ಲಿ ಸಿಗುವ ಪುಡಿ ಮೇವು) ಇದ್ದರೆ ಅದರ ಜೊತೆ ಬೆರೆಸಿ, ಕೊಕ್ಕಿಗೆ ಅಂಟುವಷ್ಟೇ ತೇವ ಮಾಡಿ. ಮರಿಯನ್ನು ಹಾಳೆಯ ಎದುರು ನಿಲ್ಲಿಸಿ, ಅದರ ಕಾಲಿನ ಪಕ್ಕದಲ್ಲೇ ಕುಟ್ಟುತ್ತಾ ಕೊಕ್ ಕೊಕ್ ಎನ್ನಿ. ಮನೆಯವರು ನಗಲಿ ಬಿಡಿ. ತಲೆ ಬಗ್ಗಿಸಿದ ಕೂಡಲೇ ಬೆರಳ ತುದಿಯ ಮೇವನ್ನು ಕೊಕ್ಕಿಗೆ ತಾಗಿಸಿ. ರುಚಿ ಹತ್ತಿದರೆ ಅದೇ ಹುಡುಕತೊಡಗುತ್ತದೆ. ಐದು ನಿಮಿಷ ಸಾಕು. ಮಲಗಲು ಬಿಟ್ಟು, ಒಂದೆರಡು ಗಂಟೆ ಕಳೆದು ಮತ್ತೆ ಕರೆಯಿರಿ. ಶೀಟಿನ ಮೇಲೆ ಮಳೆ ಸುರಿಯುತ್ತಿರುವಾಗ ಈ ಪಾಠ ನಡೆಯದು, ಸದ್ದಿಲ್ಲದ ಕೋಣೆಗೆ ತನ್ನಿ.

ಹೆಕ್ಕಲು ಕಲಿತ ಮೇಲೆ ಹಾಳೆಯಿಂದ ಗೆರಟೆಗೆ, ಅಂದರೆ ತೆಂಗಿನ ಚಿಪ್ಪಿಗೆ, ಬದಲಾಯಿಸಿ. ಚೆಲ್ಲಿದ ಕಾಳು ಕಣ್ಣಿದ್ದವರಿಗೆ ಸರಿ. ಇದಕ್ಕೆ ಎಲ್ಲಿ ಕುಟ್ಟಿದರೂ ಮೇವು ಸಿಗುವಂತೆ ಗೆರಟೆ ತುಂಬಿರಬೇಕು. ನೀರಿನ ಗೆರಟೆಯಲ್ಲಿ ಮಾತ್ರ ಸಣ್ಣ ಕಲ್ಲುಗಳನ್ನು ಹಾಕಿ, ಇಲ್ಲದಿದ್ದರೆ ಮುಳುಗೀತು. ಎರಡೂ ಗೆರಟೆ ಅಲುಗದಂತೆ ಗೂಡಿಗೆ ಕಟ್ಟಿಬಿಡಿ. ಹಸಿ ಮೇವು ನಮ್ಮ ಹವೆಗೆ ಬೇಗ ಹುಳಿಯುತ್ತದೆ. ಉಳಿದದ್ದನ್ನು ಎಸೆಯಿರಿ.

ಜೊತೆಗೆ ಒಂದೇ ಒಂದು ಸಾಧು ಮರಿಯನ್ನು ಬಿಡಿ. ಅದು ಕುಟ್ಟುವ ಸದ್ದು ಕೇಳಿ ಇದೂ ಕುಟ್ಟುತ್ತದೆ. ಇಡೀ ಗುಂಪಿನೊಂದಿಗೆ ಬಿಟ್ಟರೆ ಕಣ್ಣಿಗೇ ಕುಕ್ಕಿಯಾವು.

ತಿಂದಿದೆಯೋ ಇಲ್ಲವೋ ಎಂಬುದನ್ನು ರಾತ್ರಿ ಮುಟ್ಟಿ ನೋಡಿ. ಎದೆಯ ಮೇಲ್ಭಾಗದಲ್ಲಿ, ಕೊರಳ ಬುಡದ ಬಲಬದಿಯಲ್ಲಿ ಮೇವಿನ ಚೀಲ ಇದೆ. ತುಂಬಿ ಮೆತ್ತಗಿದ್ದರೆ ಚಿಂತೆ ಇಲ್ಲ. ಚಪ್ಪಟೆಯಾಗಿದ್ದರೆ ಹಾಳೆಯ ಪಾಠ ಇನ್ನೊಮ್ಮೆ ಆಗಬೇಕು. ಬೆಳಗ್ಗೆಯೂ ಗಟ್ಟಿಯಾಗಿ ತುಂಬಿಯೇ ಇದ್ದರೆ ಡಾಕ್ಟರಿಗೆ ತೋರಿಸಿ. ಹಿಂಭಾಗದಲ್ಲಿ ಹಿಕ್ಕೆ ಅಂಟಿದ್ದರೆ ಬೆಚ್ಚಗಿನ ನೀರಲ್ಲಿ ನೆನೆಸಿ ತೆಗೆಯಿರಿ, ಎಳೆಯಬೇಡಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಉಳಿದ ಮರಿಗಳು ತೋಟಕ್ಕೆ ಇಳಿದರೂ ಇದನ್ನು ಬಿಡುವ ಹಾಗಿಲ್ಲ. ಗಿಡುಗನಿಗೂ ಕೀರಿಗೂ ಇದು ಸುಲಭದ ತುತ್ತು. ಬಲೆ ಹಾಕಿದ ಗೂಡಿನಲ್ಲೇ ಸಾಕಿ. ದೊಡ್ಡದಾದಂತೆ ಗೆರಟೆಯ ಜಾಗ ಬದಲಿಸಬೇಕಾಗುತ್ತದೆ. ಒಮ್ಮೆಲೇ ಎತ್ತಿ ಇಡದೆ, ದಿನಕ್ಕೆ ನಾಲ್ಕು ಬೆರಳಷ್ಟು ಮಾತ್ರ ಸರಿಸುತ್ತಾ ಹೋಗಿ.