ಜಿಯಾಗ್ರಫಿ ಫೀಲ್ಡ್‌ವರ್ಕ್ ಮಾಡೋದು ಹೇಗೆ: ಹಳಿಯಾಳದಿಂದ ನವಲಗುಂದದವರೆಗೆ ಒಂದು ಗೆರೆ

ಎಂಎ, ಎಂಎಸ್ಸಿ ಜಿಯಾಗ್ರಫಿ ಸೇರಿದ ಬಹಳ ಜನಕ್ಕೆ ಫೀಲ್ಡ್‌ವರ್ಕ್ ಅಂದ್ರೆ ಸ್ಟಡಿ ಟೂರ್ ಅನ್ನೋ ಹಂಗಾಗಿದೆ, ಬಸ್ ಹತ್ತೋದು, ಊಟಿ ಕನ್ಯಾಕುಮಾರಿ ಸುತ್ತೋದು, ಗ್ರೂಪ್ ಫೋಟೋ ತೆಗೆಯೋದು, ಬಂದ್ಮೇಲೆ ಸೀನಿಯರ್ ರಿಪೋರ್ಟ್ ಇಟ್ಕೊಂಡು ಬರೆಯೋದು. ಊರು ನೋಡೋದು ಬೇಡ ಅಂತಲ್ಲ, ಆದ್ರೆ ಅದರಲ್ಲಿ ಭೂಗೋಳ ಕಲಿಯೋಕಾಗಲ್ಲ. ಕಲೀಬೇಕಂದ್ರೆ ಹತ್ತಿರದ್ದೇ ಜಾಗ ಆರಿಸಿ, ಒಂದೇ ಪ್ರಶ್ನೆ ಹಿಡ್ಕೊಂಡು, ಎರಡು ಸೀಸನ್ನಲ್ಲಿ ಹೋಗಿ.

ಧಾರವಾಡದ ಕಡೆ ಓದೋರಿಗಂತೂ ಇದಕ್ಕೆ ಒಳ್ಳೆ ಜಾಗ ಕಣ್ಣೆದುರಿಗೇ ಇದೆ. ಪಶ್ಚಿಮಕ್ಕೆ ಹಳಿಯಾಳ, ಮಧ್ಯ ಧಾರವಾಡ, ಪೂರ್ವಕ್ಕೆ ನವಲಗುಂದ. ಸಹ್ಯಾದ್ರಿ ದಾಟಿದ ಮೇಲೆ ಮುಂಗಾರು ಮಳೆ ಪೂರ್ವಕ್ಕೆ ಹೋದಷ್ಟೂ ಕಮ್ಮಿ ಆಗ್ತಾ ಬರತ್ತೆ, ಹಳಿಯಾಳದ ಹತ್ರ ಕಾಡು ಮತ್ತು ಭತ್ತ, ನವಲಗುಂದದ ಹತ್ರ ಕಣ್ಣು ಹಾಯಿಸಿದಷ್ಟು ದೂರ ಎರಿ (ಕಪ್ಪು ಜೇಡಿ ಮಣ್ಣಿನ) ಹೊಲ. "ಧಾರವಾಡ ಜಿಲ್ಲೆಯ ಕೃಷಿ" ಅನ್ನೋದು ಟೈಟಲ್ ಆಯ್ತೇ ಹೊರತು ಪ್ರಶ್ನೆ ಆಗಲಿಲ್ಲ. "ಈ ದಾರಿಯಲ್ಲಿ ಮಣ್ಣು, ಬೆಳೆ, ಮನೆ ಸೂರು, ಕುಡಿಯೋ ನೀರು ಎಲ್ಲೆಲ್ಲಿ ಬದಲಾಗತ್ತೆ, ಎಲ್ಲಾ ಒಂದೇ ಜಾಗದಲ್ಲಿ ಬದಲಾಗತ್ತಾ" ಅಂತ ಕೇಳಿ, ಇದಕ್ಕೆ ಹೋಗಿ ನೋಡಿದ್ರೆ ಮಾತ್ರ ಉತ್ತರ ಸಿಗತ್ತೆ.

ಹೊರಡೋಕೆ ಮುಂಚೆ ಟೋಪೋಶೀಟ್ (ನೆಲದ ಏರಿಳಿತ, ಹಳ್ಳ, ಕೆರೆ, ಊರು ಎಲ್ಲಾ ತೋರಿಸೋ ನಕ್ಷೆ) ಜೊತೆ ಕೂತ್ಕೊಳ್ಳಿ. ಸರ್ವೇ ಆಫ್ ಇಂಡಿಯಾದ 1:50,000 ಓಪನ್ ಸೀರೀಸ್ ಶೀಟುಗಳು ಅವರ ಸೈಟಲ್ಲೇ ಪಿಡಿಎಫ್ ಸಿಗತ್ತೆ, 2 ಸೆಂಟಿಮೀಟರ್ ಅಂದ್ರೆ ನೆಲದ ಮೇಲೆ 1 ಕಿಲೋಮೀಟರ್, ಕಾಂಟೂರ್ ಗೆರೆಗಳ (ಒಂದೇ ಎತ್ತರದ ಜಾಗಗಳನ್ನ ಸೇರಿಸೋ ಗೆರೆ) ನಡುವೆ ಎತ್ತರದ ವ್ಯತ್ಯಾಸ ಸಾಮಾನ್ಯವಾಗಿ 20 ಮೀಟರ್. ಗೆರೆಗಳು ಎಲ್ಲಿ ಒತ್ತಾಗಿವೆ ಎಲ್ಲಿ ದೂರ ದೂರ ಇವೆ, ಹಳ್ಳ ಯಾವ ಕಡೆ ಹರಿಯತ್ತೆ, ಕೆರೆ ಎಲ್ಲಿದೆ, ಇಷ್ಟು ನೋಡಿ ಹಳಿಯಾಳದಿಂದ ನವಲಗುಂದಕ್ಕೆ ಒಂದು ಗೆರೆ ಎಳೆದು, ಹತ್ತು ಹದಿನೈದು ನಿಲುಗಡೆ ಗುರುತು ಮಾಡಿ. ಅಲ್ಲಿ ಏನು ಕಾಣಬಹುದು ಅಂತ ಊಹೆ ಬರೆದಿಟ್ಕೊಳ್ಳಿ, ಊಹೆ ತಪ್ಪಾದ ಜಾಗವೇ ನಿಮ್ಮ ರಿಪೋರ್ಟಿನ ಒಳ್ಳೆ ಭಾಗ. ಸರ್ವೆ ನಂಬರ್ ನೋಡೋಕೆ ದಿಶಾಂಕ್ ಆ್ಯಪ್, ಮ್ಯಾಪ್ ಮಾಡೋಕೆ ಕ್ಯೂಜಿಐಎಸ್ ಸಾಫ್ಟ್‌ವೇರ್, ಎರಡೂ ಫ್ರೀ. ಜನಸಂಖ್ಯೆಗೆ ಊರುವಾರು ಲೆಕ್ಕ 2011ರ ಸೆನ್ಸಸ್‌ದು, ಹಳೇದಾಯ್ತು, ಹಾಗಾಗಿ ಈಗ ಎಷ್ಟು ಮನೆ ಇವೆ ಅಂತ ಪಂಚಾಯ್ತಿಯಲ್ಲಿ ಕೇಳಲೇಬೇಕು.

ನಿಲುಗಡೆಯಲ್ಲಿ ಇಳಿದ ತಕ್ಷಣ ಫೋಟೋ ತೆಗೀಬೇಡಿ. ಮೊದಲು ಒಂದು ಹಿಡಿ ಮಣ್ಣು ತಗೊಳ್ಳಿ, ಸ್ವಲ್ಪ ನೀರು ಹಾಕಿ ನಾದಿ, ಹೆಬ್ಬೆರಳು ತೋರುಬೆರಳ ಮಧ್ಯ ಒತ್ತಿ ಪಟ್ಟಿ ತರ ಮುಂದಕ್ಕೆ ತಳ್ತಾ ಹೋಗಿ. ಮರಳು ಜಾಸ್ತಿ ಇದ್ರೆ ಪಟ್ಟಿ ಆಗೋದೇ ಇಲ್ಲ, ಜೇಡಿ ಜಾಸ್ತಿ ಇದ್ರೆ 5 ಸೆಂಟಿಮೀಟರ್ ದಾಟಿದ್ರೂ ತುಂಡಾಗಲ್ಲ. ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಒಂದ್ಸಲ, ಎರಿ ಹೊಲದಲ್ಲಿ ಒಂದ್ಸಲ ಮಾಡಿದ್ರೆ ಕ್ಲಾಸಲ್ಲಿ ಕೇಳಿದ್ದೆಲ್ಲ ಬೆರಳಿಗೆ ಗೊತ್ತಾಗತ್ತೆ. ಎರಿ ಮಣ್ಣು ನೀರು ಹಿಡಿದಿಟ್ಕೊಳ್ಳತ್ತೆ, ಅದಕ್ಕೇ ಅಲ್ಲಿ ಹಿಂಗಾರಿ ಜೋಳ, ಕಡಲೆ ಮಳೆಗಾಲ ಮುಗಿದ್ಮೇಲೂ ನೆಲದ ತೇವದ ಮೇಲೇ ಬರತ್ತೆ. ಹಾಗಂತ ಎಲ್ಲಾದಕ್ಕೂ ಮಳೆಯನ್ನೇ ಕಾರಣ ಅಂತ ಬರೀಬೇಡಿ, ಕೆಳಗಿನ ಕಲ್ಲು, ಇಳಿಜಾರು ಎರಡೂ ಮಣ್ಣನ್ನ ತೀರ್ಮಾನ ಮಾಡತ್ತೆ.

ಆಮೇಲೆ ತಲೆ ಎತ್ತಿ ಮನೆ ನೋಡಿ. ಪಶ್ಚಿಮದಲ್ಲಿ ಮಳೆ ಜಾರಿ ಹೋಗೋ ಹಂಚಿನ ಮನೆ, ಪೂರ್ವಕ್ಕೆ ಬಂದ್ರೆ ಮಣ್ಣು ಹಾಕಿದ ಚಪ್ಪಟೆ ಮಾಳಿಗೆ ಮನೆ. ಈಗ ಆರ್‌ಸಿಸಿ ಬಂದು ಎಲ್ಲಾ ಕಡೆ ಒಂದೇ ತರ ಕಾಣತ್ತೆ, ಅದಕ್ಕೇ ಹಳೇ ಓಣಿಗೆ ಹೋಗಿ ಎಣಿಸಿ. ನೀರಿನ ಬಗ್ಗೆಯೂ ಕೇಳಿ, ನವಲಗುಂದದ ಕಡೆ ಬಹಳ ಊರಲ್ಲಿ ಬೋರ್ ನೀರು ಸವಳು, ಕುಡಿಯೋಕೆ ಕೆರೆಯನ್ನೇ ನಂಬಿದ್ದಾರೆ, ಅಲ್ಲಿ ಕೆರೆ ಯಾಕೆ ಅಷ್ಟು ಚೆನ್ನಾಗಿ ಕಾಯ್ತಾರೆ ಅನ್ನೋದು ಆಗ ಅರ್ಥ ಆಗತ್ತೆ.

ಜನರ ಜೊತೆ ಮಾತಾಡೋದೇ ಇದರಲ್ಲಿ ದೊಡ್ಡ ವಿದ್ಯೆ, ಇದನ್ನ ಯಾರೂ ಸರಿಯಾಗಿ ಕಲಿಸಲ್ಲ. ಕ್ವೆಶ್ಚನೇರ್ ಹಿಡ್ಕೊಂಡು ಹೋದ ಕೂಡ್ಲೇ "ನಿಮ್ಮ ವಾರ್ಷಿಕ ಆದಾಯ ಎಷ್ಟು" ಅಂದ್ರೆ ಯಾರು ಹೇಳ್ತಾರೆ? "ಅಜ್ಜಾರ, ಈ ಸಲ ಮಳಿ ಹೆಂಗಾತ್ರಿ, ಕಡ್ಲಿ ಎಷ್ಟ ಚೀಲ ಬಂತ್ರಿ" ಅಂತ ಶುರು ಮಾಡಿ, ಉಳಿದಿದ್ದು ತಾನಾಗೇ ಬರತ್ತೆ. ಹೊಲ ಎಷ್ಟು ಅಂದ್ರೆ ಹಿರಿಯರು ಕೂರಿಗೆ (ಹೊಲದ ಹಳೇ ಅಳತೆ) ಲೆಕ್ಕದಲ್ಲಿ ಹೇಳಬಹುದು, ನೀವೇ ಎಕರೆ ಮಾಡ್ಕೋಬೇಡಿ, ಅವರನ್ನೇ ಕೇಳಿ. ಚಹಾದಂಗಡಿ ಕಟ್ಟೆ ಮೇಲೆ ಕೂತಿರೋ ಗಂಡಸರನ್ನಷ್ಟೇ ಕೇಳಿ ವಾಪಸ್ ಬಂದ್ರೆ ಅದು ಅರ್ಧ ಊರು ಕೂಡ ಅಲ್ಲ, ನೀರು ತರೋ ಹೆಣ್ಮಕ್ಕಳು, ಕೂಲಿಗೆ ಹೋಗೋರು, ಹೊಲ ಇಲ್ಲದೋರು ಇವರ ಹತ್ರ ಹೋಗಿ. ಬಿತ್ತೋ ದಿನ, ಕಟಾವಿನ ದಿನ ಯಾರನ್ನೂ ನಿಲ್ಲಿಸಿಕೊಳ್ಳಬೇಡಿ, ಸಂಜೆ ಹೋಗಿ. ಸೀಗಿ ಹುಣ್ಣಿಮೆ, ಎಳ್ಳಮಾಸಿಗೆ ಚರಗ (ಭೂತಾಯಿಗೆ ಎಡೆ) ಚೆಲ್ಲೋಕೆ ಮನೆಮಂದಿ ಎಲ್ಲಾ ಹೊಲದಲ್ಲಿರ್ತಾರೆ, ಕರೆದ್ರೆ ಹೋಗಿ ಊಟ ಮಾಡಿ, ಕ್ವೆಶ್ಚನೇರ್ ಮಾತ್ರ ಹೊರಗೆ ತೆಗೀಬೇಡಿ.

ನೋಟ್ಸ್ ಪೆನ್ಸಿಲ್ಲಲ್ಲಿ ಬರೀರಿ, ನೀರು ಬಿದ್ರೂ ಹರಡಲ್ಲ. ಪುಸ್ತಕದ ಎಡಗಡೆ ಕಂಡಿದ್ದು ಕೇಳಿದ್ದು, ಬಲಗಡೆ ನಿಮ್ಮ ಅನಿಸಿಕೆ, ಎರಡೂ ಕಲಸಿಬಿಟ್ರೆ ಆಮೇಲೆ ಬಿಡಿಸೋಕಾಗಲ್ಲ. ಪ್ರತಿ ಫೋಟೋಗೂ ಯಾವ ದಿಕ್ಕಿಗೆ ಮುಖ ಮಾಡಿ ತೆಗೆದಿದ್ದು ಅಂತ ಬರೀರಿ, ಅವತ್ತೇ ರಾತ್ರಿ ಎಲ್ಲಾ ನೀಟಾಗಿ ಬರೆದಿಡಿ, ನಾಳೆ ಅಂದ್ರೆ ಅರ್ಧ ಮರೆತಿರ್ತೀರ.

ಎರಡನೇ ಸಲ ಹೋಗೋದು ಬಿಡಲೇಬೇಡಿ. ಬೇಸಿಗೆಯಲ್ಲಿ ಎರಿ ಹೊಲ ಕಾಲು ಸಿಕ್ಕೊಳ್ಳೋ ಅಷ್ಟು ಬಿರುಕು ಬಿಟ್ಟಿರತ್ತೆ, ಮಳೆಗಾಲದಲ್ಲಿ ಅದೇ ಹೊಲದಲ್ಲಿ ಶೂಗೆ ಮಣ್ಣು ಮೆತ್ತಿ ಹೆಜ್ಜೆ ಎತ್ತೋಕಾಗಲ್ಲ, ಬೈಕ್ ರೋಡಲ್ಲೇ ಬಿಡಿ. ನವಲಗುಂದದ ಕಡೆ ಹರಿಯೋ ಬೆಣ್ಣಿಹಳ್ಳ ಬೇಸಿಗೆಯಲ್ಲಿ ನೋಡಿದ್ರೆ ಇದು ಊರಿಗೆ ನುಗ್ಗತ್ತಾ ಅನ್ಸತ್ತೆ, ಆದ್ರೆ ಹಳ್ಳದ ಮೇಲ್ಭಾಗದಲ್ಲಿ ಮಳೆ ಆದ್ರೆ ಇಲ್ಲಿ ಬಿಸಿಲಿದ್ರೂ ನೀರು ಏರಿ ಬರತ್ತೆ, ಆಗ ಅಳತೆ ಅಂತ ಒಳಗಿಳಿಯೋದು ಬೇಡವೇ ಬೇಡ. ನೀರಿನ ವೇಗ ಅಳೀಬೇಕಾದ್ರೆ ಶಾಂತ ಇರೋ ಸಣ್ಣ ಹಳ್ಳದಲ್ಲಿ 10 ಮೀಟರ್ ಗುರುತು ಮಾಡಿ, ತೇಲೋ ಕಿತ್ತಳೆ ಬಿಟ್ಟು ಸೆಕೆಂಡ್ ಎಣಿಸಿ, 10ನ್ನ ಅದರಿಂದ ಭಾಗಿಸಿ, ಮೇಲಿನ ನೀರು ಜೋರಾಗಿ ಹೋಗೋದರಿಂದ ಬಂದ ವೇಗವನ್ನ 0.85ರಿಂದ ಗುಣಿಸಿ.

ರಿಪೋರ್ಟಲ್ಲಿ ಮೊದಲು ಹಾಕಬೇಕಾಗಿದ್ದು ಒಂದು ಉದ್ದ ಚಿತ್ರ: ಮೇಲೆ ನೆಲದ ಏರಿಳಿತ, ಅದರ ಕೆಳಗೆ ಸಾಲು ಸಾಲಾಗಿ ಮಳೆ, ಮಣ್ಣು, ಬೆಳೆ, ಸೂರು, ನೀರು. ಸಾಲುಗಳು ಒಂದೇ ಕಡೆ ಬದಲಾಗಿದ್ರೆ ಯಾಕೆ ಅಂತ ಬರೀರಿ, ಬೇರೆ ಬೇರೆ ಕಡೆ ಬದಲಾಗಿದ್ರೆ ಅದಕ್ಕೆ ಇನ್ನೂ ಜಾಸ್ತಿ ಬರೀರಿ, ವೈವಾದಲ್ಲಿ ಕೇಳೋದು ಅದನ್ನೇ. ಸಬ್ಮಿಟ್ ಮಾಡೋಕೆ ಮುಂಚೆ ಆ ಚಿತ್ರದ ಪ್ರಿಂಟ್ ತಗೊಂಡು ನಿಮ್ಮ ಜೊತೆ ಮಾತಾಡಿದ ಊರಿಗೆ ಹೋಗಿ ತೋರಿಸಿ, ತಪ್ಪಿದ್ರೆ ಅವರೇ ಬೆರಳಿಟ್ಟು ಹೇಳ್ತಾರೆ.