ಸಿಮ್ಯುಲೇಟರ್ ಹಾರಾಟದಲ್ಲಿ ರೇಡಿಯೊ ಕೈಕೊಟ್ಟರೆ ಏನು ಮಾಡಬೇಕು?

ಕಿವಿಯಲ್ಲಿ ಕಂಟ್ರೋಲರ್ (ವಿಮಾನ ಸಂಚಾರ ನಿಯಂತ್ರಕ) ದನಿ ನಿಂತ ಕೂಡಲೇ ಸಿಮ್ಯುಲೇಟರ್ ಪೈಲಟ್‌ಗಳು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ: ರಾಡಾರ್‌ಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ಗೆ ‘ರೇಡಿಯೊ ಕೆಟ್ಟಿದೆ’ ಎಂಬ ಕೋಡ್ 7600 ಹಾಕುತ್ತಾರೆ, ಗಾಬರಿಯಲ್ಲಿ ಕೆಳಗಿಳಿಯತೊಡಗುತ್ತಾರೆ. ಮೊದಲನೆಯದು ಅವಸರ, ಎರಡನೆಯದು ಅಪಾಯ. ಮಾತು ನಿಂತ ಮೇಲೂ ನೀವು ಎತ್ತ ತಿರುಗುತ್ತೀರಿ, ಯಾವ ಎತ್ತರದಲ್ಲಿರುತ್ತೀರಿ ಎಂದು ಕೆಳಗಿರುವವರು ಊಹಿಸುವಂತಿರಬೇಕು. ಈ ಕುರಿತ ನಿಯಮಗಳೆಲ್ಲ ಹುಟ್ಟಿರುವುದೇ ಅದಕ್ಕಾಗಿ.

ಹಂತ 1: ರೇಡಿಯೊ ನಿಜಕ್ಕೂ ಕೆಟ್ಟಿದೆಯೇ ನೋಡಿ. ಫ್ರೀಕ್ವೆನ್ಸಿ 118.250 ಬದಲು 118.025 ಹಾಕಿರಬಹುದು. ಮೊದಲ ರೇಡಿಯೊ ಕಾಮ್ 1 ಕೇಳುತ್ತಾ ಎರಡನೆಯದಾದ ಕಾಮ್ 2ರಲ್ಲಿ ಮಾತನಾಡುತ್ತಿರಬಹುದು. ಕಂಪ್ಯೂಟರ್ ಬೇರೊಂದು ಮೈಕ್ ಆರಿಸಿಕೊಂಡಿರಬಹುದು. ಹಿಂದಿನ ಫ್ರೀಕ್ವೆನ್ಸಿಗೆ ಮರಳಿ ಕರೆಯಿರಿ, ಆಮೇಲೆ ತುರ್ತು ಫ್ರೀಕ್ವೆನ್ಸಿ 121.5 ಪ್ರಯತ್ನಿಸಿ. ನಿಜವಾದ ಜನರೇ ಕಂಟ್ರೋಲರ್‌ಗಳಾಗಿರುವ ವ್ಯಾಟ್‌ಸಿಮ್‌ನಂಥ ಆನ್‌ಲೈನ್ ಜಾಲದಲ್ಲಿದ್ದರೆ ಅಕ್ಷರದಲ್ಲಿ ಬರೆದು ಕಳಿಸುವ ದಾರಿಯಿದೆ. ಅದಿರುವಾಗ 7600ರ ಅಗತ್ಯವೇ ಬೀಳುವುದಿಲ್ಲ. ಇಂಟರ್ನೆಟ್ ಸಂಪರ್ಕವೇ ಕಡಿದುಹೋಗಿದ್ದರೆ ಯಾವ ಕೋಡ್ ಹಾಕಿದರೂ ವ್ಯರ್ಥ, ಕಂಟ್ರೋಲರ್ ಪರದೆಯಿಂದ ನಿಮ್ಮ ವಿಮಾನ ಆಗಲೇ ಮಾಯವಾಗಿರುತ್ತದೆ.

ಅಗ್ಗದ ಬ್ಲೂಟೂತ್ ಹೆಡ್‌ಸೆಟ್ ಈ ಕೆಲಸಕ್ಕೆ ಬೇಡವೇ ಬೇಡ. ಮೈಕ್ ತೆರೆದೊಡನೆ ಅದರ ದನಿಯ ಗುಣಮಟ್ಟ ಕುಸಿಯುತ್ತದೆ, ಬ್ಯಾಟರಿಯೂ ಬೇಡದ ಹೊತ್ತಿನಲ್ಲೇ ಮುಗಿಯುತ್ತದೆ. ತಂತಿಯದ್ದೇ ಕೊಳ್ಳಿ.

ಹಂತ 2: ಈಗ 7600 ಹಾಕಿ. ಗುಂಡಿ ತಿರುಗಿಸುವ ಹಳೆಯ ಮಾದರಿಯಾದರೆ ದಾರಿಯಲ್ಲಿ 7500 ಅಥವಾ 7700 ಮೂಡದಂತೆ ಎಚ್ಚರವಹಿಸಿ. 7700 ಎಂದರೆ ತುರ್ತು ಪರಿಸ್ಥಿತಿ, 7500 ಎಂದರೆ ವಿಮಾನ ಅಪಹರಣ. ವ್ಯಾಟ್‌ಸಿಮ್‌ನಲ್ಲಿ 7500 ನಿಷಿದ್ಧ. ನಿಮ್ಮ ದನಿ ಮಾತ್ರ ಹೋಗದೆ ಅವರದು ಕೇಳುತ್ತಿದ್ದರೆ, ಕಂಟ್ರೋಲರ್ ಹೇಳಿದಾಗ, ಅವರ ಪರದೆಯಲ್ಲಿ ನಿಮ್ಮ ವಿಮಾನವನ್ನು ಎದ್ದುಕಾಣಿಸುವ ಐಡೆಂಟ್ ಗುಂಡಿ ಒತ್ತಿ ಉತ್ತರಿಸಬಹುದು.

ಹಂತ 3: ಹೊರಗೆ ಹವೆ ತಿಳಿಯಾಗಿದ್ದರೆ, ನೆಲ ನೋಡುತ್ತಾ ಹಾರಿ ಸೂಕ್ತ ನಿಲ್ದಾಣದಲ್ಲಿ ಇಳಿಯಿರಿ. ಅಷ್ಟೇ.

ಹಂತ 4: ಮೋಡದೊಳಗಿದ್ದರೆ ಲೆಕ್ಕ ಬೇರೆ, ಹೆಚ್ಚಿನವರು ಎಡವುವುದೂ ಇಲ್ಲೇ. ಅಮೆರಿಕದ ನಿಯಮ 91.185 ದಾರಿಯನ್ನೂ ಎತ್ತರವನ್ನೂ ಬೇರೆಬೇರೆಯಾಗಿ ಹೇಳುತ್ತದೆ. ಎರಡನ್ನೂ ಕಲಸಿದರೆ ಕೆಟ್ಟಿತು.

ದಾರಿಗೆ ಸಂಬಂಧಿಸಿ ಕ್ರಮ ಹೀಗೆ: ಕೊನೆಗೆ ಕೊಟ್ಟ ಮಾರ್ಗ. ಕಂಟ್ರೋಲರ್ ರಾಡಾರ್ ನೋಡಿ ಹೆಡಿಂಗ್ (ಹಾರಬೇಕಾದ ದಿಕ್ಕು, ಡಿಗ್ರಿಗಳಲ್ಲಿ) ಕೊಡುತ್ತಿದ್ದರೆ, ಅವರು ಹೇಳಿದ್ದ ಬಿಂದುವಿಗೆ ಅಥವಾ ಏರ್‌ವೇಗೆ (ನಕ್ಷೆಯಲ್ಲಿ ಗುರುತಿಸಿದ ವಾಯುಮಾರ್ಗ) ನೇರ ಹಾದಿ. ಮಾರ್ಗ ಕೊಟ್ಟಿರದಿದ್ದರೆ, ಮುಂದೆ ಇಂಥದ್ದು ಸಿಗಬಹುದು ಎಂದು ತಿಳಿಸಿದ್ದ ಮಾರ್ಗ. ಅದೂ ಇಲ್ಲದಿದ್ದರೆ ಫ್ಲೈಟ್ ಪ್ಲ್ಯಾನ್‌ನಲ್ಲಿ ನೀವೇ ಬರೆದದ್ದು. ‘ಹೆಡಿಂಗ್ 240, ಏರ್‌ವೇ ಸೇರಿಕೊಳ್ಳಿ’ ಎಂದಿದ್ದಕ್ಕೆ ನಕ್ಷೆಯ ಅಂಚು ದಾಟುವವರೆಗೂ 240ರಲ್ಲೇ ಹಾರುವವರನ್ನು ನೋಡಿದ್ದೇನೆ. ಆ ಹೆಡಿಂಗ್ ಏರ್‌ವೇ ಮುಟ್ಟಿಸಲಷ್ಟೇ ಇತ್ತು.

ಎತ್ತರಕ್ಕೆ ಮೂರು ಅಂಕಿಗಳಲ್ಲಿ ಯಾವುದು ದೊಡ್ಡದೋ ಅದು: ಕೊನೆಗೆ ಕೊಟ್ಟದ್ದು, ನಿರೀಕ್ಷಿಸಿ ಎಂದದ್ದು, ಆ ತುಂಡು ದಾರಿಯ ಕನಿಷ್ಠ ಎತ್ತರ. ನಿಮಗೆ 5,000 ಅಡಿ ಕೊಟ್ಟು, ‘ಹೊರಟ ಹತ್ತು ನಿಮಿಷದ ನಂತರ 9,000 ನಿರೀಕ್ಷಿಸಿ’ ಎಂದಿದ್ದರು ಎನ್ನಿ. ಈ ತುಂಡಿನ ಕನಿಷ್ಠ ಎತ್ತರ 4,000. ಹಾಗಾಗಿ ಹತ್ತು ನಿಮಿಷದವರೆಗೆ 5,000ದಲ್ಲೇ ಇರಿ, ಅನಂತರ 9,000ಕ್ಕೆ ಏರಿ. ಮುಂದಿನ ತುಂಡಿನಲ್ಲಿ ಬೆಟ್ಟವಿದ್ದು ಕನಿಷ್ಠ ಎತ್ತರ 11,000 ಆದರೆ ಅಷ್ಟಕ್ಕೆ ಏರಿ. ಬೆಟ್ಟ ದಾಟಿದ ಮೇಲೆ? ಅಲ್ಲೇ ಉಳಿಯಬೇಡಿ, ಮತ್ತೆ 9,000ಕ್ಕೆ ಇಳಿಯಿರಿ. ನೀವು ಫ್ಲೈಟ್ ಪ್ಲ್ಯಾನ್‌ನಲ್ಲಿ ಬರೆದ ಎತ್ತರ ಈ ಮೂರರ ಪಟ್ಟಿಯಲ್ಲಿ ಇಲ್ಲ ಎಂಬುದನ್ನು ಗಮನಿಸಿ. ‘ಬರೆದಿದ್ದೆನಲ್ಲ’ ಎಂದು ನೇರ ಅಲ್ಲಿಗೆ ಏರುವುದು ತಪ್ಪು. ನಿರೀಕ್ಷಿಸಿ ಎಂದ ಅಂಕಿಗಳನ್ನು, ಗಂಟೆಯನ್ನೂ ಸೇರಿಸಿ, ಕಾಗದದಲ್ಲಿ ಪೆನ್ಸಿಲ್‌ನಿಂದಲೇ ಗುರುತು ಹಾಕಿಕೊಳ್ಳಿ. ನೆನಪನ್ನು ನಂಬಬೇಡಿ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒ ಹೇಳುವ ಕ್ರಮ ಬೇರೆ. ಕೊನೆಗೆ ಕೊಟ್ಟ ವೇಗ ಮತ್ತು ಎತ್ತರವನ್ನು ರಾಡಾರ್ ಇರುವಲ್ಲಿ 7 ನಿಮಿಷ, ಇಲ್ಲದಲ್ಲಿ 20 ನಿಮಿಷ ಕಾಯ್ದುಕೊಂಡು, ಆಮೇಲೆ ಫ್ಲೈಟ್ ಪ್ಲ್ಯಾನ್‌ನಂತೆ ಸಾಗಬೇಕು. ಎಲ್ಲಿ ಹಾರುತ್ತಿದ್ದೀರೋ ಅಲ್ಲಿನ ಚಾರ್ಟ್ ಮೊದಲೇ ಓದಿ. ಎರಡು ಪದ್ಧತಿಗಳನ್ನು ಬೆರೆಸಬೇಡಿ.

ಹಂತ 5: ಬೇಗ ತಲುಪಿದಿರೆಂದು ಬೇಗ ಇಳಿಯಬೇಡಿ. ಮುಂದಿನ ಅನುಮತಿಗೆ ಇಂಥ ಸಮಯ ಎಂದು ಹೇಳಿದ್ದರೆ ಆ ಸಮಯದವರೆಗೆ ಅಲ್ಲೇ ಸುತ್ತುಹಾಕಿ. ಹೇಳಿರದಿದ್ದರೆ, ಫ್ಲೈಟ್ ಪ್ಲ್ಯಾನ್‌ನ ಪ್ರಕಾರ ತಲುಪಬೇಕಾದ ಹೊತ್ತಿಗೆ ಇಳಿಯುವ ಕ್ರಮ ಶುರುಮಾಡಿ. ಟವರ್‌ನ ದೀಪ ಸಂಜ್ಞೆಗಳಲ್ಲಿ ಸ್ಥಿರ ಹಸಿರು ಎಂದರೆ ಇಳಿಯಿರಿ, ಸ್ಥಿರ ಕೆಂಪು ಎಂದರೆ ದಾರಿ ಬಿಟ್ಟು ಸುತ್ತುತ್ತಿರಿ, ಮಿನುಗುವ ಕೆಂಪು ಎಂದರೆ ಇಳಿಯಬೇಡಿ. ಹಗಲಲ್ಲಾದರೆ ರೆಕ್ಕೆ ಆಡಿಸಿ ಉತ್ತರ ಕೊಡಿ, ರಾತ್ರಿಯಾದರೆ ಲ್ಯಾಂಡಿಂಗ್ ದೀಪ ಮಿನುಗಿಸಿ.

ಅಭ್ಯಾಸವನ್ನು ಜಾಲದ ಹೊರಗೆ ಮಾಡುವುದೇ ವಾಸಿ. ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರ್‌ನಲ್ಲಿ ನೀವು ಆರಿಸಿದ ಎತ್ತರದಲ್ಲಿ ರೇಡಿಯೊ ಕೆಡುವಂತೆ ಹೊಂದಿಸಬಹುದು. ಜಾಲದಲ್ಲೇ ಮಾಡುವ ಹಟವಿದ್ದರೆ ಮೊದಲು ಕಂಟ್ರೋಲರ್ ಅನ್ನು ಕೇಳಿ. ಅವರು ಬೇಡವೆಂದರೆ ನಾಟಕ ನಿಲ್ಲಿಸಬೇಕು, ಇಲ್ಲವೇ ಸಂಪರ್ಕ ಕಡಿದುಕೊಂಡು ಹೊರಬರಬೇಕು.